ಒಂದೇ ಬೆಕ್ಕಿನ ಮನೆ

ಗುಬ್ಬಿಗೆ ರಕ್ತ ಕಂಡರೆ ಆಗುತ್ತಿರಲಿಲ್ಲ. ಈರುಳ್ಳಿ ಹೆಚ್ಚುವಾಗ ಬೆರಳಿಗೆ ಚಾಕು ತಾಗಿದರೂ ಗೋಡೆ ಹಿಡಿದು ಕೂರುವವಳು. ಊರಿಗೆ ಹೋದವರ ಬೆಕ್ಕುಗಳನ್ನು ನೋಡಿಕೊಳ್ಳುವುದು ಅವಳ ಕೆಲಸ. ಅಂಥವಳು ಸಕ್ಕರೆ ಕಾಯಿಲೆಯ ಬೆಕ್ಕೊಂದನ್ನು ಒಪ್ಪಿಕೊಂಡು ಬಂದಾಗ ಅವಳ ಅತ್ತಿಗೆ ಒಲೆಯ ಮುಂದೆಯೇ ನಿಂತು ನಕ್ಕುಬಿಟ್ಟಳು. ಅತ್ತಿಗೆ ಪ್ರಾಣಿಗಳ ಆಸ್ಪತ್ರೆಯಲ್ಲಿ ನರ್ಸು. ಇಪ್ಪತ್ತೆರಡು ವರ್ಷ ನಾಯಿಯ ಹಲ್ಲಿಗೂ ಬೆಕ್ಕಿನ ಉಗುರಿಗೂ ಕೈಯೊಡ್ಡಿ ಪಳಗಿದವಳು, ಯಾವುದಕ್ಕೂ ಸುಲಭವಾಗಿ ಬೆಚ್ಚುವವಳಲ್ಲ.

"ಹತ್ತು ದಿನ ಅಷ್ಟೇ ಅತ್ತಿಗೆ. ಡ್ರಾಯಿಂಗ್ ಮೇಡಂ ಅವರ ಅಕ್ಕನಿಗೆ ಆಪರೇಷನ್ನಂತೆ. ನೀವು ಕಲಿಸಿಕೊಟ್ರೆ ಮಾಡ್ತೀನಿ."

"ಕಲಿಸೋಣ. ಮೊದಲು ನಿನ್ನ ಬೆರಳು ಕೊಡು."

ಬೆರಳಿಗೆ ಸೂಜಿ ತಾಗಿದ್ದೇ ಗುಬ್ಬಿ ಕಣ್ಣು ಮುಚ್ಚಿದಳು. ತೆರೆದಾಗ ಸಕ್ಕರೆ ಅಳೆಯುವ ಯಂತ್ರ ತೊಂಬತ್ತೆರಡು ಎಂದಿತ್ತು. "ನೋಡು, ಬದುಕಿದ್ದೀಯ," ಎಂದಳು ಅತ್ತಿಗೆ.

ಡ್ರಾಯಿಂಗ್ ಮೇಡಂ ಶಾಲೆಯಿಂದ ನಿವೃತ್ತರಾಗಿ ಒಂಟಿಯಾಗಿದ್ದರು. ಬೂದಿ ಎಂಬ ಬೂದು ಬಣ್ಣದ ಬೆಕ್ಕೇ ಅವರ ಸಂಸಾರ. ವರ್ಷದಿಂದ ಅದಕ್ಕೆ ದಿನಕ್ಕೆರಡು ಹೊತ್ತು ಇನ್ಸುಲಿನ್ ಚುಚ್ಚುತ್ತಿದ್ದರು. ಕೈ ನಡುಗುವುದರಿಂದ ರಕ್ತ ಪರೀಕ್ಷೆಗೆ ಮಾತ್ರ ಹೋಗಿರಲಿಲ್ಲ. ಈಚೆಗೆ ಕೆಲವು ದಿನ ಬೂದಿ ಹಿಂಗಾಲು ಮಡಚಿ ಕುಸಿಯುತ್ತಿತ್ತು, ಕೆಲವು ದಿನ ಏನೂ ಆಗದಂತೆ ಕಿಟಕಿ ಹತ್ತುತ್ತಿತ್ತು. ಬೆಕ್ಕಿನ ಡಾಕ್ಟರಿಗೆ ಕಾರಣ ಹೊಳೆಯಲಿಲ್ಲ. ಇನ್ನು ಮೇಲೆ ಸಕ್ಕರೆಯ ಅಂಕಿ ನೋಡದೆ ಸೂಜಿ ಮುಟ್ಟಕೂಡದು ಎಂದು ಬರೆದುಕೊಟ್ಟಿದ್ದರು.

ಮೊದಲ ಬೆಳಿಗ್ಗೆ ಅತ್ತಿಗೆಯೇ ಜೊತೆಗೆ ಹೋದಳು. ಸಾಲುಮನೆಗಳ ಕೊನೆಯ ಮನೆ. ಒಳಗೆ ಎಣ್ಣೆಬಣ್ಣದ ವಾಸನೆ, ಚಿತ್ರ ಬರೆಯುವ ಕೋಣೆಯಲ್ಲಿ ಗೋಡೆಗೆ ಒರಗಿಸಿಟ್ಟ ದೊಡ್ಡ ಹಲಗೆಗಳು. ಬೂದಿ ತಾನಾಗಿಯೇ ಬಂದು ಮೇಜು ಹತ್ತಿ ಕೂತಿತು.

"ಮೊದಲು ಬಿಸಿ ಬಟ್ಟೆ ಇಟ್ಟು ಕಿವಿ ಬೆಚ್ಚಗೆ ಮಾಡು, ಇಲ್ದಿದ್ರೆ ರಕ್ತ ಬರಲ್ಲ. ಹಿಂದುಗಡೆ ಹತ್ತಿ ಹಿಡ್ಕೊ. ಅಂಚಲ್ಲಿ ಚುಚ್ಚು, ನಡುವೆ ಬೇಡ. ಹನಿ ಬಂತಾ? ಯಂತ್ರದ ಪಟ್ಟಿಯ ತುದಿ ತಾಗಿಸು ಸಾಕು, ಅದೇ ಹೀರ್ಕೊಳ್ಳುತ್ತೆ. ಈಗ ಒತ್ತಿ ಹಿಡಿ."

ಮುನ್ನೂರ ಹದಿನೆಂಟು.

"ಈಗ ಊಟ, ಆಮೇಲೆ ಇಂಜೆಕ್ಷನ್ನು. ನೂರೈವತ್ತಕ್ಕಿಂತ ಕಡಿಮೆ ಬಂದ್ರೆ ಚುಚ್ಚಬೇಡ, ನನಗೆ ಫೋನ್ ಮಾಡು. ತೂರಾಡಿದ್ರೆ ಒಸಡಿಗೆ ಜೇನು ಹಚ್ಚು. ಗೊತ್ತಾಯ್ತಾ?"

ಮರುದಿನ ಸಂಜೆ ಗುಬ್ಬಿಯ ಫೋನು ಬಂತು. ಎಂಬತ್ತನಾಲ್ಕು. ಕೊಡಬೇಡ ಎಂದಳು ಅತ್ತಿಗೆ. ಮೂರನೆಯ ಬೆಳಿಗ್ಗೆ ಮುನ್ನೂರ ನಲವತ್ತು. ನಂಬಿಕೆ ಬಾರದೆ ಗುಬ್ಬಿ ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿದರೆ ಎಂಬತ್ತೆಂಟು. ಅತ್ತಿಗೆ ಯಂತ್ರವನ್ನು ಆಸ್ಪತ್ರೆಗೆ ತರಿಸಿ ಪರೀಕ್ಷಿಸಿದಳು. ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

"ಯಂತ್ರದ್ದಲ್ಲ ಅತ್ತಿಗೆ," ಗುಬ್ಬಿಯ ದನಿ ತಗ್ಗಿತು. "ಎರಡನೇ ಸಲ ಎತ್ಕೊಂಡಾಗ ಎಡಗಿವೀಲಿ ಗಾಯ ಇರಲಿಲ್ಲ. ಆಗತಾನೆ ಚುಚ್ಚಿದ್ದೆ, ಹತ್ತೀಲಿ ರಕ್ತ ಇದೆ. ಕಿವೀಲಿ ಏನೂ ಇಲ್ಲ."

"ನೀನು ಕಣ್ಣು ಮುಚ್ಕೊಂಡು ಚುಚ್ಚಿರ್ತೀಯ."

"ಇಲ್ಲ. ಇನ್ನೊಂದು, ಅದು ಒಂದೊಂದು ಸಲ ನನ್ನ ಗುರುತೇ ಇಲ್ಲದ ಹಂಗೆ ನೋಡುತ್ತೆ."

ಅಂದು ಸಂಜೆ ಐದೂವರೆಗೆ ಅತ್ತಿಗೆ ಮತ್ತೆ ಆ ಮನೆಗೆ ಹೋದಳು. ಕಿಟಕಿಯಲ್ಲಿ ಬಿಸಿಲು ಇನ್ನೂ ಇತ್ತು. ಬೂದಿ ಚಿತ್ರದ ಕೋಣೆಯಿಂದ ಬಂದು ಅವಳ ಮಡಿಲೇರಿತು. ಎಡಗಿವಿ ಬೆಚ್ಚಗೆ ಮಾಡಿ ಚುಚ್ಚಿದಳು. ತೊಂಬತ್ತೊಂದು. ಮೊದಲ ದಿನ ತಾನು ನಿಂತು ಚುಚ್ಚಿಸಿದ ಕಿವಿ ಅದೇ. ಅದರಲ್ಲಿ ಹಳೆಯ ಗುರುತೊಂದೂ ಕಾಣಲಿಲ್ಲ, ಗುಬ್ಬಿಯ ಎರಡು ಚುಚ್ಚು ಬಲಗಿವಿಯಲ್ಲಿದ್ದವು. ಅವಳು ಏನೂ ಹೇಳದೆ ಚೀಲದಿಂದ ಕತ್ತರಿ ತೆಗೆದು ಎಡಗಿವಿಯ ತುದಿಯ ಕೂದಲನ್ನು ಚಿಟಿಕೆಯಷ್ಟು ಕತ್ತರಿಸಿ ಬೆಕ್ಕನ್ನು ಬಿಟ್ಟಳು. ಅದು ಕುಣಿಯುತ್ತಾ ಚಿತ್ರದ ಕೋಣೆಗೆ ಮರಳಿತು. ಗುಬ್ಬಿ ಹೋಗಿ ಬಾಗಿಲು ಎಳೆದು ಚಿಲಕ ಹಾಕಿದಳು.

ಇಬ್ಬರೂ ಮೇಜಿನ ಬಳಿ ಕೂತರು. ಗೋಡೆಯೊಳಗೆ ಎಲ್ಲೋ ಬಟ್ಟೆ ಜಾಡಿಸಿದಂಥ ಸದ್ದಾಯಿತು, ನಿಂತಿತು.

ಬೂದಿ ಅಡುಗೆಮನೆಯ ಕಡೆಯಿಂದ ಬಂತು.

ಬಾಲ ಎತ್ತಿಕೊಂಡು, ಅವಸರವಿಲ್ಲದೆ ಬಂದು ಅತ್ತಿಗೆಯ ಕಾಲಿಗೆ ಮೈ ಒರೆಸಿತು. ಅವಳು ಎತ್ತಿಕೊಂಡು ಎಡಗಿವಿ ತಿರುಗಿಸಿ ನೋಡಿದಳು. ತುದಿಯ ಕೂದಲು ಇದ್ದ ಹಾಗೆಯೇ ಇತ್ತು. ಅಂಚಿನುದ್ದಕ್ಕೂ ಒಣಗಿದ ಚುಚ್ಚುಗಳ ಸಾಲಿತ್ತು. ಪರೀಕ್ಷಿಸಿದಳು. ಮುನ್ನೂರ ಐವತ್ತೆರಡು.

"ಅತ್ತಿಗೆ, ಇದು ಯಾರು?"

ಯಾವುದು ಅನ್ನಲಿಲ್ಲ, ಯಾರು ಅಂದಳು. ಆ ಒಂದು ಮಾತಿಗೆ ಅತ್ತಿಗೆ ಬೆಕ್ಕನ್ನು ತೋಳಿನಿಂದ ಕೆಳಗಿಳಿಸಿದಳು. ಎದ್ದು ಹೋಗಿ ಚಿಲಕ ತೆಗೆದಳು. ಚಿತ್ರದ ಕೋಣೆ ಖಾಲಿ. ಒರಗಿಸಿದ ಹಲಗೆಗಳನ್ನು ಒಂದೊಂದಾಗಿ ಸರಿಸಿದರು. ಕೊನೆಯದರ ಹಿಂದೆ ಗೋಡೆ ಬೀರುವಿನ ಕೆಳಪಟ್ಟಿ ಮುರಿದು, ಒಂದು ಗೇಣಗಲದ ಕಂಡಿ ಬಿದ್ದಿತ್ತು. ಕಂಡಿಯ ಅಂಚು ಮೈ ಉಜ್ಜಿ ಉಜ್ಜಿ ನುಣುಪಾಗಿತ್ತು. ಒಳಗಿನ ದಾರಿ ಮೇಲಕ್ಕೆ ಅಟ್ಟಕ್ಕೂ, ಅಲ್ಲಿಂದ ಅಡುಗೆಮನೆಗೂ ಹೋಗುತ್ತಿತ್ತು.

ಏಣಿ ಹಾಕಿ ಅತ್ತಿಗೆ ಅಟ್ಟಕ್ಕೆ ಟಾರ್ಚು ಬಿಟ್ಟಳು. ಬಣ್ಣ ಒರೆಸಿದ ಹಳೆ ಬಟ್ಟೆಗಳ ರಾಶಿ, ನಡುವೆ ದುಂಡಗೆ ಒಂದು ಕುಳಿ. ಕುಳಿಯೊಳಗೆ ಬೂದು ಕೂದಲು ಕಂಬಳಿಯ ಹಾಗೆ ದಪ್ಪಗೆ ಹೆಣೆದುಕೊಂಡಿತ್ತು. ಒಂದೆರಡು ತಿಂಗಳಲ್ಲಿ ಉದುರಿದ ಕೂದಲಲ್ಲ ಅದು. ಅದರ ಮೇಲೆ ಕೂತು, ತುದಿ ಕತ್ತರಿಸಿದ ಕಿವಿಯ ಬೆಕ್ಕು ಅವಳನ್ನೇ ನೋಡುತ್ತಿತ್ತು.

ಕೆಳಗಿಳಿದು ಮೇಡಂಗೆ ಫೋನ್ ಮಾಡಿದಳು.

"ಮೇಡಂ, ನಿಮ್ಮ ಮನೇಲಿ ಎಷ್ಟು ಬೆಕ್ಕಿವೆ?"

"ಒಂದೇ ಅಲ್ವೇನಮ್ಮ. ಯಾಕೆ?"

ಅತ್ತಿಗೆ ಕಂಡದ್ದನ್ನೆಲ್ಲ ಹೇಳಿದಳು. ಅವರಿದ್ದ ಆಸ್ಪತ್ರೆಯಲ್ಲಿ ಯಾರದೋ ಸರದಿಯ ಸಂಖ್ಯೆ ಕೂಗುವುದು ಕೇಳಿಸಿತು.

"ಎರಡು ತಂದಿದ್ದೆ," ಎಂದರು ಕೊನೆಗೆ. "ಅಕ್ಕ ತಂಗಿ, ಒಂದೇ ಅಚ್ಚು. ಈ ಮನೆಗೆ ಬಂದ ವಾರದಲ್ಲೇ ತಂಗಿ ಕಾಣೆಯಾಯ್ತು. ಬೀದಿ ಬೀದಿ ಹುಡುಕಿದೆ. ಆರು ವರ್ಷ ಆಯ್ತು."

ಅತ್ತಿಗೆ ಫೋನನ್ನು ಇನ್ನೊಂದು ಕಿವಿಗೆ ಹಿಡಿದಳು.

"ಊಟ ಹಾಕಿರ್ತಿದ್ದೆ, ಮತ್ತೆ ಬಂದು ಹಸಿದಂಗೆ ಕೂಗೋದು. ಮಂಚದ ಮೇಲೆ ಮಲಗಿದ್ದನ್ನ ನೋಡಿ ಬಂದ್ರೆ ಕಿಟಕೀಲಿ ಕೂತಿರೋದು. ನನಗೇ ಮರೆವು ಅಂದ್ಕೊಂಡೆ. ನನ್ನ ಡಾಕ್ಟರೂ ಇರಬಹುದು ಅಂದ್ರು. ಎರಡು ವರ್ಷದಿಂದ ಮರೆವಿಗೆ ಮಾತ್ರೆ ತಗೋತಿದ್ದೀನಿ." ಆಮೇಲೆ ಕೇಳಿದರು, "ದಿನಾ ನನ್ನ ಕಾಲ ಹತ್ರ ಮಲಗ್ತಿತ್ತಲ್ಲ, ಅದು ಯಾವುದಮ್ಮ?"

"ನೀವು ಬಂದ ಮೇಲೆ ನೋಡೋಣ ಮೇಡಂ," ಎಂದಳು ಅತ್ತಿಗೆ. ಬೆಕ್ಕು ಕುಸಿದ ದಿನಗಳಲ್ಲೆಲ್ಲ ರೋಗವಿಲ್ಲದ ಬೆಕ್ಕಿಗೇ ಇನ್ಸುಲಿನ್ ಬಿದ್ದಿತ್ತೆಂಬುದನ್ನು ಅವಳು ಫೋನಿನಲ್ಲಿ ಹೇಳಲಿಲ್ಲ.

ರೋಗದ ಬೆಕ್ಕಿಗೆ ಕೆಂಪು ಪಟ್ಟಿ, ಇನ್ನೊಂದಕ್ಕೆ ಹಳದಿ ಕಟ್ಟಿದರು. ಉಳಿದ ದಿನ ಗುಬ್ಬಿ ಕತ್ತು ನೋಡಿಯೇ ಕಿವಿ ಹಿಡಿದಳು. ಕೈ ಹದಕ್ಕೆ ಬಂತು, ಹನಿ ಕಂಡರೆ ಕಣ್ಣು ಮುಚ್ಚುವುದು ತಪ್ಪಿತು. ಮೇಡಂ ಮರಳಿ ಬಂದು ತಮ್ಮ ಡಾಕ್ಟರನ್ನು ಕಂಡರು, ಮಾತ್ರೆ ನಿಂತಿತು. ಇಷ್ಟಾದರೂ ಆ ಎರಡು ಬೆಕ್ಕುಗಳನ್ನು ಒಂದೇ ಕೋಣೆಯಲ್ಲಿ ಕಂಡವರಿಲ್ಲ. ಒಂದು ಒಳಗೆ ಬಂದರೆ ಇನ್ನೊಂದು ಎದ್ದು ಹೋಗುತ್ತದೆ. ತಂಗಿಗೆ ಬೇರೆ ಹೆಸರಿಟ್ಟು ಕರೆದರು, ಅದು ತಿರುಗಿಯೂ ನೋಡಲಿಲ್ಲ. ಬೂದಿ ಎಂದರೆ ಯಾವುದೋ ಒಂದು ಬರುತ್ತದೆ, ಅಷ್ಟೇ.

ಕಂಡಿ ಮುಚ್ಚಲು ಬಡಗಿಯನ್ನು ಕರೆಸಿದ್ದರು. ಹಲಗೆ ಹೊಡೆಯುವ ಮುಂಚೆ ಒಳಗೆ ಇನ್ನೇನೂ ಇಲ್ಲವೆಂದು ನೋಡಬೇಕಲ್ಲ. ಬಡಗಿ ಟಾರ್ಚು ಹಾಕಿ ನೋಡಿ, ಏನಿಲ್ಲ ಅಂದ. ಇನ್ನೊಂದು ಸಲ ನೋಡಪ್ಪ ಅಂದರು ಮೇಡಂ. ನೋಡಿದ. ಮತ್ತೊಂದು ಸಲ ಅಂದರು. ಆಮೇಲೆ ಅವನ ಕೈಯಿಂದ ಟಾರ್ಚು ತೆಗೆದುಕೊಂಡು ತಾವೇ ಏಣಿ ಹತ್ತಿ ಅಟ್ಟದೊಳಗೆ ನೋಡುತ್ತ ಬಹಳ ಹೊತ್ತು ನಿಂತರು. ಇಳಿದು ಬಂದು, ಮುಚ್ಚುವುದು ಬೇಡ, ಒಳಗೆ ಇನ್ನೂ ಯಾವುದಾದರೂ ಇದ್ದರೆ ಎಂದು ಬಡಗಿಯನ್ನು ಕಳಿಸಿಬಿಟ್ಟರು.