ಯಾಕೆ ತಡ?

ಟೀಚರ ಬಲಗೈಯ ತೋರುಬೆರಳನ್ನು ನರ್ಸು ಮೂರನೆಯ ಸಲ ಒದ್ದೆ ಬಟ್ಟೆಯಿಂದ ಉಜ್ಜಿದಳು. ನೀಲಿ ಶಾಯಿಯ ಕಲೆ ಜಪ್ಪಯ್ಯ ಎಂದರೂ ಹೋಗಲಿಲ್ಲ.

"ಬಿಡಮ್ಮ," ಎಂದರು ಬಾಗಿಲಲ್ಲಿ ನಿಂತಿದ್ದ ಟೀಚರ ತಂಗಿ. "ನಲವತ್ತು ವರ್ಷ ಹೋಗದ್ದು ಈಗ ಹೋಗತ್ತಾ? ಅದೂ ಅಕ್ಕನ ಜೊತೆಗೇ ಹೋಗ್ಲಿ. ಸ್ಮಶಾನದ ಗಾಡಿ ಹನ್ನೊಂದಕ್ಕೆ ಬರತ್ತೆ."

ಗಂಟೆ ಹತ್ತೂಕಾಲು. ನರ್ಸಿನ ಕೈಚೀಲದಲ್ಲಿ ನಾಲ್ಕು ಮಡಿಕೆಯ ಹಳೆಯ ಹಾಳೆಯೊಂದಿತ್ತು. ಟೀಚರಿಗೆ ಇಪ್ಪತ್ತಾರು ವರ್ಷದ ಹಿಂದೆ ಸೇರಬೇಕಿದ್ದ ಹಾಳೆ. ಯಾರೂ ನೋಡದ ಹಾಗೆ ಅದನ್ನು ಹೊದಿಕೆಯ ಕೆಳಗೆ ಸೇರಿಸಿಬಿಟ್ಟರೆ ಆಯಿತು ಎಂದುಕೊಂಡೇ ಬಂದಿದ್ದಳು. ಆದರೆ ಟೀಚರನ್ನು ನಡುಮನೆಗೆ ತಂದು ಮಲಗಿಸಿದ ಮೇಲೆ ಸುತ್ತ ಜನ ಕದಲಲೇ ಇಲ್ಲ.

ಬಸ್ ಡ್ರೈವರನ ದನಿಯೇ ಎಲ್ಲರಿಗಿಂತ ಮೇಲಿತ್ತು. ನರ್ಸಿನ ತರಗತಿಯವನೇ. ಎಲ್ಲರಿಗೂ ಅವನು ಇಂದಿಗೂ 'ಐದಜ್ಜಿ'. ಹೋಮ್‌ವರ್ಕ್ ತಡವಾದರೆ ಟೀಚರು ಅಂಕ ಕಡಿಯುತ್ತಿರಲಿಲ್ಲ. ಹಾಳೆಯ ತಲೆಯಲ್ಲಿ 'ಯಾಕೆ ತಡ' ಎಂದು ಒಂದು ಸಾಲು ಬರೆಯಬೇಕು, ಆ ಸಾಲು ನಿಜವಾಗಿರಬೇಕು. ಬಂದ ದಿನಾಂಕವನ್ನು ಅವರು ನೀಲಿ ಶಾಯಿಯಲ್ಲಿ ಮೂಲೆಗೆ ಹಾಕಿದರೆ ಮುಗಿಯಿತು. ಇವನು ಒಂದೇ ವರ್ಷದಲ್ಲಿ ಐದು ಅಜ್ಜಿಯರನ್ನು ಸಾಯಿಸಿದ್ದ.

"ಐದನೇ ಅಜ್ಜಿಗೆ ಏನು ಬರೆದ್ರು ಗೊತ್ತಾ? 'ಇವರು ಹೋದ ತಿಂಗಳೇ ತೀರಿಕೊಂಡಿದ್ದರು. ಪಾಪ, ಇನ್ನಾದರೂ ಬಿಡು.'" ಐದಜ್ಜಿ ನಗುತ್ತಲೇ ಮೂಗು ಒರೆಸಿಕೊಂಡ. "ಭಿನ್ನರಾಶಿ ಪರೀಕ್ಷೆ ಏಳು ಸಲ ಬರೆಸಿದ್ರು. ಏಳನೇ ಸಲ ಪಾಸಾಗಿ ನಾನು ಅಳ್ತಾ ಇದ್ರೆ, 'ಕೂತ್ಕೋ, ಎಂಟನೇದೂ ಬರಿ. ಇದು ಅದೃಷ್ಟಾನೋ ವಿದ್ಯೆನೋ ನೋಡೋಣ' ಅಂದ್ರು!"

ಗೋಡೆ ಪಕ್ಕದ ಕುರ್ಚಿಯಲ್ಲಿದ್ದ ಹಳೆಯ ಹೆಡ್‌ಮಾಸ್ಟರು ಕೆಮ್ಮಿ ಗಂಟಲು ಸರಿಮಾಡಿಕೊಂಡರು. "ತಡ ಆದ್ರೆ ಅರ್ಧ ಅಂಕ ಕಡೀರಿ ಅಂತ ಹೇಳಿದ್ದೇ ನಾನು. ನನಗೇನಂದ್ರು ಗೊತ್ತೇನಯ್ಯಾ? 'ತಡ ಮಾಡಿದ್ದು ಕಾಲು ಸಾರ್, ಲೆಕ್ಕ ಮಾಡಿದ್ದು ತಲೆ. ಕಾಲಿನ ತಪ್ಪಿಗೆ ತಲೆಗೆ ಹೊಡೀಲಾ?' ಅವತ್ತೇ ಆ ಮಾತು ಬಿಟ್ಟೆ ನಾನು."

ಅಷ್ಟರಲ್ಲಿ ಭುಜದ ಮೇಲೆ ಅಳತೆಯ ಟೇಪು ಹಾಗೇ ಬಿಟ್ಟುಕೊಂಡು ದರ್ಜಿ ಓಡಿ ಬಂದಳು. ನರ್ಸಿನ ಗೆಳತಿ, ಏಳನೆಯ ತರಗತಿಯಲ್ಲಿ ಒಂದೇ ಬೆಂಚು.

"ಬಂದ್ಲಪ್ಪಾ ಕೊಟ್ಟಿದ್ದೆ!" ಎಂದ ಐದಜ್ಜಿ. ನಾಲ್ಕು ಜನ ನಕ್ಕರು. ದರ್ಜಿಯೂ ನಕ್ಕಳು, ಹಳೆಯ ಚಪ್ಪಲಿಗೆ ಒಗ್ಗಿದ ಕಾಲಿನ ಹಾಗೆ.

ನರ್ಸು ಮಾತ್ರ ಕೈಚೀಲವನ್ನು ಹತ್ತಿರ ಎಳೆದುಕೊಂಡಳು.

*

ಏಳನೆಯ ತರಗತಿಯಲ್ಲಿ ಒಮ್ಮೆ ಅವರವರ ಮನೆಯನ್ನು ಅಳೆದು ನಕ್ಷೆ ಬರೆದು ತರಬೇಕಿತ್ತು. ತನ್ನದನ್ನು ಮೇಜಿನ ಮೇಲಿಡಲು ಹೋದ ಹುಡುಗಿಗೆ ಗೆಳತಿಯ ನಕ್ಷೆ ಕಂಡಿತು. ಬಾಗಿಲು, ಒಲೆ, ಕಿಟಕಿ, ಒಲೆಯ ಪಕ್ಕ ಅರ್ಧ ಮೊಳ ಎಂದು ಗುರುತು ಹಾಕಿದ ಒಂದು ಚಿಕ್ಕ ಚೌಕ: 'ಬೆಕ್ಕು ಮಲಗುವ ಜಾಗ'. ಇನ್ನೊಮ್ಮೆ ನೋಡಿ ಇಟ್ಟರಾಯಿತೆಂದು ಅದನ್ನು ತನ್ನ ಪುಸ್ತಕದೊಳಗೆ ಸೇರಿಸಿದಳು. ಅಷ್ಟರಲ್ಲಿ ಟೀಚರು ಒಳಗೆ ಬಂದರು. ಹಾಳೆ ಪುಸ್ತಕದೊಳಗೇ ಉಳಿಯಿತು.

"ಕೊಟ್ಟಿದ್ದೆ ಟೀಚರ್! ದೇವರಾಣೆ ಕೊಟ್ಟಿದ್ದೆ!" ಎಂದು ಗೆಳತಿ ಬಿಕ್ಕಿದಳು. ಇಡೀ ತರಗತಿ ಗೊಳ್ಳೆಂದಿತು. ಅಂದು ಬಿದ್ದ 'ಕೊಟ್ಟಿದ್ದೆ' ಎಂಬ ಹೆಸರು ಹೊಲಿಗೆ ಅಂಗಡಿಯವರೆಗೂ ಅವಳನ್ನು ಬಿಡಲಿಲ್ಲ. "ರವಿಕೆ ಕೊಡ್ತೀಯೋ, ಕೊಟ್ಟಿದ್ದೆ ಅಂತೀಯೋ?" ಎಂದು ಗಿರಾಕಿಗಳೂ ರೇಗಿಸುತ್ತಿದ್ದರು.

ಟೀಚರು ಮಾತ್ರ ನಕ್ಕಿರಲಿಲ್ಲ. "ಕೊಟ್ಟಿರ್ತೀಯಾ. ಇನ್ನೊಂದು ಸಲ ಬರಿ, ಅಂಕ ಪೂರ್ತಿ ಕೊಡ್ತೀನಿ," ಎಂದರು. ಆಮೇಲೆ ಯಾರನ್ನೂ ನೋಡದೆ, ಕಿಟಕಿಯ ಕಡೆ ತಿರುಗಿ ಹೇಳಿದರು: "ಕಳೆದುಹೋದ ಹಾಳೆ ಯಾವಾಗ ಬೇಕಾದ್ರೂ ಬರಬಹುದು. ನನ್ನ ಹತ್ರ ಕಡೇ ದಿನಾಂಕ ಅಂತ ಇಲ್ಲ."

ಮುಂದೆ ದಾರಿಯಲ್ಲಿ ಸಿಕ್ಕಾಗಲೆಲ್ಲ ಟೀಚರು ನರ್ಸಿನ ಕೆಲಸ, ಮಕ್ಕಳ ವಿಚಾರ ಕೇಳುತ್ತಿದ್ದರು. ಹಾಳೆಯ ಮಾತು ಒಮ್ಮೆಯೂ ಎತ್ತಲಿಲ್ಲ.

*

ಹತ್ತೂಮುಕ್ಕಾಲಿಗೆ ಜನ ದಾರಿ ಮಾಡಿಕೊಡಲು ಹಿಂದೆ ಸರಿದರು. ನರ್ಸು ಟೀಚರ ಪಕ್ಕ ಒಬ್ಬಳೇ ಇದ್ದಳು. ಹೊದಿಕೆಯ ಅಂಚು ಎತ್ತಿದರೆ ಸಾಕಿತ್ತು. ಎತ್ತಿದಳು, ಮತ್ತೆ ಬಿಟ್ಟಳು. ಹಾಳೆಯ ತಲೆಯಲ್ಲಿ 'ಯಾಕೆ ತಡ' ಸಾಲು ಖಾಲಿಯಿತ್ತಲ್ಲ.

ಗೋಡೆಗೆ ಹಾಳೆ ಒತ್ತಿ ಹಿಡಿದು ಬರೆದಳು: 'ಯಾಕೆ ತಡ: ಇದು ನನ್ನದಕ್ಕಿಂತ ಚೆನ್ನಾಗಿತ್ತು, ತೆಗೆದುಕೊಂಡೆ, ಆಮೇಲೆ ಹೆದರಿದೆ.' ನೇರವಾಗಿ ದರ್ಜಿಯ ಹತ್ತಿರ ನಡೆದು ಅವಳ ಕೈಗಿಟ್ಟಳು.

ದರ್ಜಿ ಓದಿದಳು. ಅವಳ ಬೆರಳು ಬಾಗಿಲು ದಾಟಿ, ಒಲೆ ದಾಟಿ, ಚಿಕ್ಕ ಚೌಕದಲ್ಲಿ ನಿಂತಿತು. ರಸ್ತೆ ಅಗಲ ಮಾಡಿದಾಗ ಆ ಮನೆ ಹೋಗಿ ಹತ್ತು ವರ್ಷವಾಗಿತ್ತು.

"ನನ್ನ ಮದುವೆಗೆ ಬಂದಿದ್ದೆ ನೀನು. ಆಗ್ಲೂ ಇದು ನಿನ್ನ ಹತ್ರ ಇತ್ತಾ?"

"ಇತ್ತು."

"ನನ್ನ ಹೆರಿಗೆ ಮಾಡಿಸಿದ್ದು ನೀನೇ. ಇಡೀ ದಿನ ಕೈ ಹಿಡ್ಕೊಂಡು ಕೂತಿದ್ದೆ. ಆಗ್ಲೂ?"

"ಆಗ್ಲೂ ಇತ್ತು ಕಣೇ."

ದರ್ಜಿಯ ಮೂಗಿನ ಹೊಳ್ಳೆ ಅರಳಿತು. ಹೊಡೆದೇಬಿಡುತ್ತಾಳೆ ಎಂದು ನರ್ಸು ಕಣ್ಣು ಮುಚ್ಚಿದಳು. ಹೊರಗೆ ಗಾಡಿಯ ಹಾರ್ನ್ ಕೇಳಿಸಿತು.

"ಏ ಐದಜ್ಜೀ, ನಿನ್ನ ಪೆನ್ ಕೊಡು."

ಅವನು ಜೇಬಿನಿಂದ ತೆಗೆದುಕೊಟ್ಟ. ನೀಲಿಯದೇ. ದರ್ಜಿ ಹಾಳೆಯ ಮೂಲೆಯಲ್ಲಿ ಇವತ್ತಿನ ದಿನಾಂಕ ಬರೆದಳು. ಬೇರೇನೂ ಬರೆಯಲಿಲ್ಲ. ಟೀಚರ ಪಕ್ಕ ಮೊಣಕಾಲೂರಿ ಹಾಳೆಯ ಮಡಿಕೆಗಳನ್ನು ಅಂಗೈಯಿಂದ, ಬಟ್ಟೆಯ ಸುಕ್ಕು ನೀವುವ ಹಾಗೆ, ನೀವಿದಳು.

"ಅವರ ಕೈ ಎತ್ತಿ ಹಿಡಿ," ಎಂದಳು ನರ್ಸಿಗೆ, ಮುಖ ನೋಡದೆ.

ನರ್ಸು ಎತ್ತಿ ಹಿಡಿದಳು. ಹಾಳೆ ಕೆಳಗೆ ಸರಿಯಿತು.

"ಕೊಟ್ಟಿದ್ದೆ, ಟೀಚರ್," ಎಂದಳು ದರ್ಜಿ.

ಈ ಸಲ ಯಾರೂ ನಗಲಿಲ್ಲ. ನರ್ಸು ಕೈಯನ್ನು ಮೆಲ್ಲಗೆ ಇಳಿಸಿದಳು. ನೀಲಿ ಕಲೆಯ ಬೆರಳು ಬೆಕ್ಕು ಮಲಗುವ ಜಾಗದ ಮೇಲೆ ಬಂದು ಕೂತಿತು.