ಹಾಡಿಲ್ಲದ ಪ್ಲೇಟು

ಮೊದಲು ‘ಆಯ್ತು’ ಅಂದುಬಿಡುವುದು, ಹೇಗೆ ಅಂತ ಆಮೇಲೆ ಯೋಚಿಸುವುದು. ಶಿಕಾರಿಪುರದ ಮೈಕ್‌ಸೆಟ್ ವಲೀಸಾಬರಿಗೆ ಇದು ಹುಟ್ಟಿನಿಂದ ಅಂಟಿದ ಚಾಳಿ. ಹಾಗಾಗಿ ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಕುಬಟೂರಿನ ಸುಬ್ಬಪ್ಪಗೌಡರು ಅಂಗಡಿಗೆ ಬಂದು, “ನನ್ನ ಮೊಮ್ಮಗಳು ರಮ್ಯನ ನಿಶ್ಚಿತಾರ್ಥ ಸಾಬ್ರೇ, ನಿಮ್ಮ ಗ್ರಾಮಫೋನ್ ಪ್ಲೇಟು ತಿರುಗಬೇಕು” ಎಂದಾಗಲೂ ಅವರ ಬಾಯಿಂದ ಬಂದದ್ದು ಅದೇ ಮಾತು.

“ಆಯ್ತು ಗೌಡ್ರೇ.”

“ಹುಡುಗ್ರು ಸೊರಬದಿಂದ ಡಿಜೆ ಕರೆಸ್ತಾವೆ. ಕರೆಸ್ಲಿ. ಊಟದ ಹೊತ್ತಿಗೆ ಮಾತ್ರ ಅದು ಬ್ಯಾಡ. ಅದು ಹೊಡೆದ್ರೆ ಎಲೆ ಮೇಲಿನ ಹಪ್ಪಳ ಕುಣೀತೈತೆ, ನನ್ನ ಬಾಯೊಳಗಿನ ಹಲ್ಲಿನ ಸೆಟ್ಟೂ ಕುಣೀತೈತೆ. ನನ್ನ ಮದುವೆಗೆ ನೀವು ಮುಳ್ಳು ಇಟ್ಟು ಹಾಡು ಹಾಕಿದ್ರಲ್ಲ, ಹಂಗೇ ಆಗಬೇಕು.”

ಗೌಡರ ಮದುವೆಯಾಗಿ ನಲವತ್ತೈದು ವರ್ಷವಾಗಿತ್ತು. ಆಗ ಇಪ್ಪತ್ತರ ಹುಡುಗನಾಗಿದ್ದ ವಲೀಸಾಬರು ಈಗ ಮೈಕ್‌ಸೆಟ್ಟಿನ ಹೆಸರು ಮಾತ್ರ ಉಳಿಸಿಕೊಂಡು ಶಾಮಿಯಾನ, ಕುರ್ಚಿ, ಟ್ಯೂಬ್‌ಲೈಟು ಬಾಡಿಗೆಗೆ ಕೊಡುತ್ತಿದ್ದರು. ಗೌಡರು ಬಸ್ ಸ್ಟ್ಯಾಂಡಿನ ಕಡೆ ತಿರುಗಿದ ಮೇಲೆ ಅವರು ಅಟ್ಟ ಹತ್ತಿದರು. ಪ್ಲೇಟು ತಿರುಗಿಸುವ ಯಂತ್ರ ಕಂಬಳಿಯೊಳಗೆ ಬೆಚ್ಚಗೆ ಇತ್ತು. ಪೆಟ್ಟಿಗೆಯಲ್ಲಿದ್ದ ಪ್ಲೇಟುಗಳ ಕತೆ ಬೇರೆ. ತಗಡಿನ ಮಾಡಿನ ಕೆಳಗೆ ಅಷ್ಟೊಂದು ಬೇಸಿಗೆ ಕಳೆದು, ಒಂದೊಂದೂ ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಇದ್ದುದರಲ್ಲಿ ಚೆನ್ನಾಗಿದ್ದ ಒಂದನ್ನು ಹಾಕಿ ನೋಡಿದರು. ಮುಳ್ಳು ಗುಡ್ಡ ಹತ್ತಿ ಇಳಿಯಿತು, ಹಾಡುತ್ತಿದ್ದ ಹೆಣ್ಣುಮಗಳೂ ಅದರ ಜೊತೆ ಹತ್ತಿ ಇಳಿದಳು.

“ಇದನ್ನ ಊಟದ ಹೊತ್ತಿಗೆ ಹಾಕಬೇಡಿ,” ಎಂದರು ಕೆಳಗಿನಿಂದ ಹೆಂಡತಿ ಅಫ್ಸರ್ ಬೇಗಂ. “ಘಾಟಿಯಲ್ಲಿ ಬಸ್ಸು ಹೋದಂಗೆ ಆಗ್ತದೆ. ಉಂಡಿದ್ದು ನಿಲ್ಲಲ್ಲ.”

ಮಗಳು ಅಂಬರೀನ್ ಊರಿನ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಎರಡು ದಿನ ಅಪ್ಪ ಮುಖ ಗಂಟು ಹಾಕಿಕೊಂಡು ಕುಳಿತದ್ದನ್ನು ನೋಡಿ ಮೂರನೆಯ ದಿನ ತನ್ನ ಹಳೆಯ ಲ್ಯಾಪ್‌ಟಾಪ್ ಎತ್ತಿಕೊಂಡು ಬಂದಳು.

“ಅಬ್ಬಾ, ಹಾಡು ಪ್ಲೇಟಿನಲ್ಲೇ ಇರಬೇಕು ಅಂತ ಏನಿದೆ?”

“ಮತ್ತೆಲ್ಲಿರಬೇಕು? ಬಾವಿಯಲ್ಲಾ?”

“ಕಂಪ್ಯೂಟರಿನಲ್ಲಿ. ಇದಕ್ಕೆ ಅಂತಲೇ ಒಂದು ಬೇರೆ ಥರದ ಪ್ಲೇಟು ಬರುತ್ತೆ. ಅದರಲ್ಲಿ ಹಾಡಿಲ್ಲ, ಬರೀ ‘ಕೀಂ’ ಅನ್ನೋ ಸದ್ದು. ಆ ಸದ್ದು ಕೇಳಿಯೇ ಪ್ಲೇಟು ಎಷ್ಟು ಜೋರಾಗಿ ತಿರುಗ್ತಿದೆ, ಮುಳ್ಳು ಎಲ್ಲಿದೆ ಅಂತ ಕಂಪ್ಯೂಟರಿನ ಸಾಫ್ಟ್‌ವೇರಿಗೆ ಗೊತ್ತಾಗುತ್ತೆ. ಅದು ತನ್ನ ಹತ್ರ ಇರೋ ಹಾಡನ್ನ ಹಾಗೇ ನುಡಿಸುತ್ತೆ. ನೀವು ಪ್ಲೇಟು ಹಿಡಿದರೆ ಹಾಡು ನಿಲ್ಲುತ್ತೆ. ಹಿಂದಕ್ಕೆ ತಿರುಗಿಸಿದರೆ ಹಾಡೂ ಹಿಂದಕ್ಕೆ.”

“ಈ ಸಾಫ್ಟ್‌ವೇರಿಗೆ ಎಷ್ಟಂತೆ?”

“ಬಿಟ್ಟಿ. ಯಾರೋ ಪುಣ್ಯಾತ್ಮರು ಬರೆದು, ಬೇಕಾದವರು ಇಟ್ಟುಕೊಳ್ಳಿ, ಒಳಗೆ ಹೇಗಿದೆ ಅಂತ ನೋಡಿ, ಬೇಕಾದರೆ ತಿದ್ದಿಕೊಳ್ಳಿ ಅಂತ ಬಿಟ್ಟಿದ್ದಾರೆ.”

ವಲೀಸಾಬರಿಗೆ ಇದು ಅರಗಲಿಲ್ಲ. ತಮ್ಮ ಆಂಪ್ಲಿಫೈಯರಿನ ಗುಟ್ಟು ಇನ್ನೊಬ್ಬ ಮೈಕ್‌ಸೆಟ್ಟಿನವನಿಗೆ ಸಿಗದಿರಲಿ ಎಂದು ಒಳಗಿನ ಬಿಡಿಭಾಗಗಳ ನಂಬರಿನ ಮೇಲೆಲ್ಲ ಕಪ್ಪು ಬಣ್ಣ ಬಳಿದಿಟ್ಟಿದ್ದ ಮನುಷ್ಯ ಅವರು. “ಬಿಚ್ಚಿ ನೋಡಿ ಅಂತಾರಾ? ತಾವಾಗೇ?” ಎಂದು ಮೂರು ಸಲ ಕೇಳಿದರು.

ಪ್ಲೇಟು ಬೆಂಗಳೂರಿನಿಂದ ಬಸ್ಸಿನ ಪಾರ್ಸೆಲ್ಲಿನಲ್ಲಿ ಬಂತು. ಯಂತ್ರದ ವೈರನ್ನು ಒಂದು ಸಣ್ಣ ಡಬ್ಬಿಗೆ, ಡಬ್ಬಿಯನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ಅಂಬರೀನ್ ಕೀಲಿಮಣೆ ಒತ್ತಿದಳು. ಕಪ್ಪು ಸ್ಕ್ರೀನಿನ ಮೇಲೆ ಒಂದು ಚಕ್ರ, ನಾಲ್ಕು ಸಾಲು ಅಕ್ಷರ, ಅಷ್ಟೇ. ವಲೀಸಾಬರು ಮುಳ್ಳು ಇಟ್ಟರು. ಹಾಡು ಬಂತು. ಬೆರಳು ಒತ್ತಿದರು, ಹಾಡು ಉಸಿರು ಹಿಡಿದು ನಿಂತಿತು. ಹಿಂದಕ್ಕೆ ತಿರುಗಿಸಿದರು, ಯಾರೋ ಓಕರಿಸಿದ ಹಾಗೆ ಕೇಳಿಸಿತು.

“ಯಾರಿಗೆ ಹುಷಾರಿಲ್ಲ?” ಎಂದು ಅಡುಗೆಮನೆಯಿಂದ ಅಫ್ಸರ್ ಬೇಗಂ ಓಡಿ ಬಂದರು.

ಆ ಒಂದು ವಾರ ವಲೀಸಾಬರು ಊಟಕ್ಕೆ ಕರೆದರೂ ಯಂತ್ರದ ಮುಂದಿನಿಂದ ಏಳಲಿಲ್ಲ. ಆದರೆ ಒಂದು ಷರತ್ತು ಹಾಕಿದರು. ಕಂಪ್ಯೂಟರು ಗೌಡರ ಕಣ್ಣಿಗೆ ಬೀಳಬಾರದು. “ಅವರು ಕೇಳಿದ್ದು ಪ್ಲೇಟು. ಪ್ಲೇಟೇ ಕಾಣಬೇಕು. ಒಂದು ಬಟ್ಟೆ ಪರದೆ ಕಟ್ತೀನಿ, ನೀನು ಅದರ ಹಿಂದೆ ಕೂತುಕೋ.”

“ಸುಳ್ಳು ಹೇಳ್ದಂಗೆ ಆಗಲ್ವಾ ಅಬ್ಬಾ?”

“ನಾನೇನೂ ಹೇಳಲ್ಲ. ಸುಮ್ನಿರ್ತೀನಿ.”

ಸಾಮಾನನ್ನೆಲ್ಲ ಲಗೇಜ್ ಆಟೋದಲ್ಲಿ ಹಾಕಿಕೊಂಡು, ಪ್ಲೇಟನ್ನು ಮಾತ್ರ ತೊಡೆಯ ಮೇಲಿಟ್ಟುಕೊಂಡು, ಶಿರಾಳಕೊಪ್ಪ, ಆನವಟ್ಟಿ ದಾಟಿ ಅಪ್ಪ ಮಗಳು ಕುಬಟೂರು ತಲುಪಿದಾಗ ಗೌಡರ ಮನೆಯ ಮುಂದಿನ ಚಪ್ಪರದಲ್ಲಿ ಸೊರಬದ ಡಿಜೆ ತೀರ್ಥೇಶ್ ಆಗಲೇ ಬೀರುವಿನಷ್ಟೆತ್ತರದ ನಾಲ್ಕು ಪೆಟ್ಟಿಗೆ ನಿಲ್ಲಿಸಿ, ಹುಡುಗರನ್ನು ಕುಣಿಸುತ್ತಿದ್ದ. ಉಂಗುರ ಬದಲಾಯಿಸಿದ್ದಾಯಿತು. ಎಲೆ ಹಾಕಿದರು. ಗೌಡರು ಕೈ ಎತ್ತಿದ ಕೂಡಲೇ ಡಿಜೆ ನಿಂತಿತು. ವಲೀಸಾಬರು ಬಿಳಿ ಟೋಪಿ ಸರಿಮಾಡಿಕೊಂಡು ಮುಳ್ಳು ಇಟ್ಟರು.

ಎಷ್ಟೋ ವರ್ಷದ ಮೇಲೆ ತಿರುಗುವ ಪ್ಲೇಟು ಕಂಡ ಮುದುಕರು ಉಣ್ಣುವುದನ್ನೇ ಮರೆತರು. ಭಕ್ತಿಗೀತೆ ಆಯಿತು. ಸಿನಿಮಾ ಹಾಡು ಆಯಿತು. ಶಹನಾಯಿಯೂ ಆಯಿತು. ವಲೀಸಾಬರು ಮುಳ್ಳು ಎತ್ತಿ ಇಡುವುದು, ಪರದೆಯ ಹಿಂದೆ ಅಂಬರೀನ್ ಹಾಡು ಬದಲಿಸುವುದು, ಎಲ್ಲ ಸಲೀಸಾಗಿ ನಡೆದಿತ್ತು. ಆದರೆ ಗೌಡರ ಗೆಳೆಯ ಸಣ್ಣಪ್ಪನಿಗೆ ಪ್ಲೇಟಿನ ನಡುವೆ ಅಂಟಿಸಿದ ಚೀಟಿ ಓದುವ ಹಳೆಯ ಹುಚ್ಚು. ಕನ್ನಡಕ ಏರಿಸಿ ಬಗ್ಗಿದವನು ಅಕ್ಷರದ ಜೊತೆ ತಲೆಯನ್ನೂ ತಿರುಗಿಸುತ್ತ ಹೋಗಿ, ತಲೆಸುತ್ತಿ ಮೇಜು ಹಿಡಿದುಕೊಂಡ.

“ಅಲ್ಲ ಸಾಬ್ರೇ, ಪ್ಲೇಟು ಬದಲಾಯಿಸಿದ್ದು ನಾ ಕಾಣ್ಲೇ ಇಲ್ಲ. ಮಗುಚಿ ಹಾಕಿದ್ದೂ ಕಾಣ್ಲಿಲ್ಲ. ಒಂದರಲ್ಲೇ ಇಷ್ಟೆಲ್ಲ ಎಂತ ಮಾಡಿ ತುಂಬಿದ್ರು?”

ಸುಮ್ಮನಿರುತ್ತೇನೆ ಎಂದಿದ್ದ ವಲೀಸಾಬರ ಬಾಯಿ ತಾನಾಗಿ ತೆರೆಯಿತು. “ದೊಡ್ಡ ಪ್ಲೇಟು ಸಣ್ಣಪ್ನೋರೇ. ಒತ್ತಿ ಒತ್ತಿ ತುಂಬಿದಾರೆ.”

ಪರದೆಯ ಹಿಂದೆ ಅಂಬರೀನ್ ಕೆಮ್ಮಿದಳು.

ಅಷ್ಟರಲ್ಲಿ ಉಂಡು ಕೈ ತೊಳೆದು ಬಂದ ತೀರ್ಥೇಶನಿಗೆ ಮುದುಕರ ಮೇಲೆ ಮಮತೆ ಉಕ್ಕಿತು. “ಸಾಬ್ರೇ, ನಿಮ್ಮ ಹಾರ್ನ್ ಸ್ಪೀಕರಿನ ದನಿ ಹಿಂದಿನ ಪಂಕ್ತಿಗೆ ಮುಟ್ತಾ ಇಲ್ಲ. ನನ್ನ ಪೆಟ್ಟಿಗೆಗೆ ಕೊಡ್ತೀನಿ, ನೋಡಿ ಮಜಾ,” ಎನ್ನುತ್ತ, ವಲೀಸಾಬರು “ಬ್ಯಾಡಪ್ಪಾ” ಅನ್ನುವ ಮೊದಲೇ, ಯಂತ್ರದ ವೈರನ್ನು ಮೇಜಿನ ಕೆಳಗಿನ ಡಬ್ಬಿಯಿಂದ ಕಿತ್ತು ನೇರವಾಗಿ ತನ್ನ ಮಿಕ್ಸರಿಗೆ ಸಿಕ್ಕಿಸಿಯೇ ಬಿಟ್ಟ.

“ಕೀಂ———!”

ನಾಲ್ಕೂ ಪೆಟ್ಟಿಗೆ ಒಟ್ಟಿಗೆ ಕಿರುಚಿದವು. ಕೊಟ್ಟಿಗೆಯಲ್ಲಿದ್ದ ಎಮ್ಮೆ ಹಗ್ಗ ಕಿತ್ತುಕೊಂಡು ಕೆರೆಯ ಕಡೆ ಓಡಿತು. ಸಾರು ಬಡಿಸುತ್ತಿದ್ದವನು ಒಂದೇ ಎಲೆಗೆ ಬಕೆಟ್ಟನ್ನೇ ಬಗ್ಗಿಸಿದ. ಜಗುಲಿಯಲ್ಲಿ ತೂಕಡಿಸುತ್ತಿದ್ದ ಗೌಡರ ಅಕ್ಕ, ಎಂಬತ್ತೆರಡರ ಹುಚ್ಚಮ್ಮ, ಎದ್ದು ಕೂತು, “ನಮ್ಮೂರಿಗೆ ಯಾವಾಗ ಬಂತೋ ರೈಲು?” ಎಂದು ಕೇಳಿದರು.

ತೀರ್ಥೇಶ್ ಗಾಬರಿಯಾಗಿ ವೈರು ಕಿತ್ತ. ಚಪ್ಪರದ ಜನವೆಲ್ಲ ಪ್ಲೇಟನ್ನೇ ನೋಡುತ್ತಿತ್ತು. ಅದು ಏನೂ ಆಗಿಲ್ಲವೆಂಬ ಹಾಗೆ ತಿರುಗುತ್ತಲೇ ಇತ್ತು.

“ಇದರೊಳಗೆ ಹಾಡಿಲ್ಲ,” ಎಂದ ತೀರ್ಥೇಶ್, ಹೆಣ ಕಂಡವನ ದನಿಯಲ್ಲಿ.

ವಲೀಸಾಬರ ಕಿವಿ ಕೆಂಪಾಯಿತು. ಭೂಮಿ ಬಾಯಿಬಿಟ್ಟರೆ ಯಂತ್ರಸಮೇತ ಇಳಿದುಬಿಡೋಣ ಅನ್ನಿಸಿತು. ಅವರೇ ಪರದೆ ಸರಿಸಿದರು. “ಇಲ್ಲ ಗೌಡ್ರೇ. ಹಾಡು ಇರೋದು ನನ್ನ ಮಗಳ ಕಂಪ್ಯೂಟರಿನಲ್ಲಿ. ನನ್ನ ಪ್ಲೇಟೆಲ್ಲ ಬಿಸಿಲಿಗೆ ಸೊಟ್ಟಗಾಗಿ ಹೋಗಿದ್ವು. ನಿಮಗೆ ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ.”

ಸಣ್ಣಪ್ಪನಿಗೆ ಸಾಬರ ಮುಖ ನೋಡಿ ಅಯ್ಯೋ ಅನ್ನಿಸಿತು. “ಹಾರ್ಮೋನಿಯಂ ಬಿಚ್ಚಿದ್ರೆ ಒಳಗೆ ಹಾಡು ಇರ್ತೈತನ? ಬಿಡು ಸುಬ್ಬಣ್ಣ.”

ಗೌಡರು ಬಿಡಲಿಲ್ಲ. ಸಿಟ್ಟಿಗಿಂತ ಅವರ ಮುಖದಲ್ಲಿ ಗೊಂದಲವೇ ಹೆಚ್ಚಿತ್ತು. “ಕಂಪ್ಯೂಟರೇ ಹಾಡೋದಾದ್ರೆ ನಿಮ್ಮ ಕೈ ಎಂತಕ್ಕೆ ಸಾಬ್ರೇ? ಅದೊಂದು ಹೇಳಿ.”

ಆ ಪ್ರಶ್ನೆಗೆ ಉತ್ತರ ತಂದವಳು ರಮ್ಯ. ರೇಷ್ಮೆ ಸೀರೆ ಎತ್ತಿ ಹಿಡಿದು, ಮೊಬೈಲು ಚಾಚಿಕೊಂಡು ಅಂಬರೀನ್ ಹತ್ತಿರ ಬಂದಳು.

“ಅಕ್ಕಾ, ಇದೊಂದು ಹಾಕ್ತೀರಾ? ಹುಚ್ಚಜ್ಜಿ ಸೋಬಾನೆ ಹೇಳಿದ್ದು. ಅವರಿಗೆ ಐವತ್ತಾಗಿದ್ದಾಗ ಮನೇಲಿ ಕ್ಯಾಸೆಟ್ಟಿಗೆ ಹಿಡಿದಿದ್ರು, ಅದನ್ನೇ ಮೊಬೈಲಿಗೆ ಹಾಕ್ಕೊಂಡಿದೀನಿ. ಈಗ ಹೇಳಿ ಅಂದ್ರೆ ದಮ್ಮು ಸಾಲಲ್ಲ ಅಂತ ಕೂತಿದಾರೆ.”

ಅಂಬರೀನ್ ಹಾಡನ್ನು ಇಳಿಸಿಕೊಂಡಳು. ವೈರು ಮತ್ತೆ ಡಬ್ಬಿಗೆ ಸೇರಿತು. ಮುಳ್ಳು ಇಟ್ಟ ಕೂಡಲೇ ಹಾರ್ನಿನಿಂದ ಗಟ್ಟಿ ಹೆಣ್ಣುದನಿಯೊಂದು ಚಪ್ಪರ ತುಂಬಿತು.

ಹುಚ್ಚಮ್ಮ ಕಿವಿಗೆ ಕೈ ಹಿಡಿದರು. “ಇವಳ್ಯಾವಳು? ನನ್ನ ಹಾಡು ಕದ್ದೋಳು!”

“ನೀವೇ ಅಜ್ಜಿ!”

“ನಾ ಯಾವಾಗ ಅದರೊಳಗೆ ಹೋದೆ?” ಎನ್ನುತ್ತ ಮುದುಕಿ ಕೋಲೂರಿಕೊಂಡು ಯಂತ್ರದ ಹತ್ತಿರವೇ ಬಂದು, ಸೇರಿಸಿ ಹಾಡಲು ನೋಡಿದರು. ಆಗಲಿಲ್ಲ. ಐವತ್ತರ ಹುಚ್ಚಮ್ಮ ಸರಸರನೆ ಮುಂದೆ ಹೋಗುತ್ತಿದ್ದರು, ಎಂಬತ್ತೆರಡರವರು ಅರ್ಧ ಸಾಲಿಗೇ ಏದುಸಿರು ಬಿಟ್ಟರು. “ಏನು ಸೊಕ್ಕು ಇವಳಿಗೆ! ಸ್ವಲ್ಪ ನಿಲ್ಲೇ!”

ವಲೀಸಾಬರು ಬೆರಳನ್ನು ಪ್ಲೇಟಿನ ಅಂಚಿಗೆ ಮುಟ್ಟಿಸಿದರು. ಆದರೆ ಒತ್ತಿದ್ದು ಹೆಚ್ಚಾಯಿತು. ಹಾರ್ನಿನಿಂದ ಗೊಗ್ಗರು ಗಂಡಸಿನ ದನಿ ಬಂತು.

“ಅಯ್ಯಯ್ಯೋ, ಇದು ನಮ್ಮ ಮಾವ!” ಎಂದು ಹುಚ್ಚಮ್ಮ ಸೆರಗು ತಲೆಗೆ ಎಳೆದುಕೊಂಡರು. ಸೊಸೆಯಂದಿರೆಲ್ಲ ನಕ್ಕು ಬಿದ್ದರು.

ವಲೀಸಾಬರು ಉಸಿರು ಬಿಗಿಹಿಡಿದು ಬೆರಳು ಹಗುರ ಮಾಡಿದರು. ಒಂದು ಕೂದಲೆಳೆ, ಇನ್ನೊಂದು ಕೂದಲೆಳೆ. ಹಾಡಿನ ಓಟ ನಡಿಗೆಗೆ ಇಳಿಯಿತು, ಸ್ವರವೂ ಅಷ್ಟೇ ಇಳಿಯಿತು. ಮುದುಕಿ ಉಸಿರು ಎಳೆದುಕೊಂಡಾಗ ಅವರು ಪ್ಲೇಟನ್ನು ತಡೆದರು. ಮುದುಕಿ ಬಾಯಿ ತೆರೆದಾಗ ಬಿಟ್ಟರು. ಈಗ ಎರಡೂ ದನಿ ಒಟ್ಟಿಗೆ ಸಾಗಿದವು. ವಲೀಸಾಬರು ಪ್ಲೇಟು ನೋಡಲೇ ಇಲ್ಲ. ಅವರ ಕಣ್ಣು ಹುಚ್ಚಮ್ಮನ ತುಟಿಯ ಮೇಲೆ ಮತ್ತು ಕತ್ತಿನ ನರದ ಮೇಲೆ ಇತ್ತು. ಸಾರಿನ ಬಕೆಟ್ಟು ಹಿಡಿದವನೂ ನಿಂತಲ್ಲೇ ನಿಂತ.

ಹಾಡು ಮುಗಿದಾಗ ಸುಬ್ಬಪ್ಪಗೌಡರು ಪಂಚೆಯ ತುದಿಯಿಂದ ಮೂಗು ಒರೆಸಿಕೊಂಡು, “ಆತು. ಕೈ ಎಂತಕ್ಕೆ ಅಂತ ಗೊತ್ತಾತು,” ಎಂದರು. ತೀರ್ಥೇಶನಂತೂ ವಲೀಸಾಬರ ಬೆರಳನ್ನೇ ಹಿಡಿದು ತಿರುಗಿಸಿ ನೋಡಿದ. “ಸಾಬ್ರೇ, ನನ್ನ ಮಿಷನ್ನಲ್ಲಿ ನೂರು ಬಟನ್ ಐತೆ. ಈ ಬಟನ್ ಇಲ್ಲ.”

ಆದರೆ ಹುಚ್ಚಮ್ಮನಿಗೆ ಈಗಷ್ಟೇ ಹುರುಪು ಬಂದಿತ್ತು. “ಬೀಗರ ಹಾಡು ಒಂದು ಬಾಕಿ ಐತೆ. ಅದು ಕ್ಯಾಸೆಟ್ಟಲ್ಲಿಲ್ಲ. ಹಿಡ್ಕೊಳೇ ಹುಡುಗಿ,” ಎಂದು ಅಂಬರೀನ್‌ಗೆ ಅಪ್ಪಣೆ ಮಾಡಿ, ಮೊಬೈಲಿನ ಮುಂದೆ ಕುಳಿತು, ಹುಡುಗನ ಅಪ್ಪ ಕಲ್ಲಪ್ಪನ ಹೊಟ್ಟೆ, ಮೀಸೆ, ನಡಿಗೆ, ಅವನು ಹೋಳಿಗೆಗೆ ಕೈ ಹಾಕುವ ರೀತಿ, ಯಾವುದನ್ನೂ ಬಿಡದೆ ಹಾಡಿನಲ್ಲೇ ಬೈದರು. ಎರಡೇ ನಿಮಿಷದಲ್ಲಿ ಆ ಬೈಗುಳ ಪ್ಲೇಟಿನಿಂದ ಹೊರಟಿತು. ತೀರ್ಥೇಶ್ ಈ ಸಲ ಸಾಬರನ್ನು ಕೇಳಿಯೇ ಲ್ಯಾಪ್‌ಟಾಪಿನಿಂದ ತನ್ನ ನಾಲ್ಕೂ ಪೆಟ್ಟಿಗೆಗೆ ವೈರು ಕೊಟ್ಟ. ಕೆರೆಯಾಚೆಗೂ ಕೇಳಿಸಿತು.

ಹೆಂಗಸರು ಇನ್ನೊಮ್ಮೆ ಎಂದರು, ವಲೀಸಾಬರು ಮುಳ್ಳು ಎತ್ತಿ ಮೊದಲಿಗೆ ಇಟ್ಟರು. ಇನ್ನೊಮ್ಮೆ ಎಂದರು, ಇನ್ನೊಮ್ಮೆ ಇಟ್ಟರು. ನಾಲ್ಕನೆಯ ಸಲ ‘ಬುಟ್ಟಿ ಹೊಟ್ಟೆಯ ಬೀಗ’ ಎಂದು ಬಂದಾಗ ಕಲ್ಲಪ್ಪನೇ ಎದ್ದು, ನಗು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು, ಯಂತ್ರದ ಹತ್ತಿರ ಬಂದು ಕೈ ಮುಗಿದ.

“ಸಾಬ್ರೇ, ಇದು ಹಿಂದಕ್ಕೂ ತಿರುಗ್ತೈತಾ?”

“ತಿರುಗ್ತೈತೆ ಬೀಗರೇ.”

“ಹಂಗಾರೆ ಒಂದ್ಸಲ ಹಿಂದಕ್ಕೆ ತಿರುಗ್ಸಿ ಮಾರಾಯ್ರೇ. ಅಜ್ಜಿ ಬೈದಿದ್ದೆಲ್ಲ ವಾಪಸ್ ತಗೊಂಡಂಗಾಗ್ಲಿ.”

ವಲೀಸಾಬರು ಮೊದಲು “ಆಯ್ತು” ಅನ್ನಲಿಲ್ಲ. ಹುಚ್ಚಮ್ಮನ ಮುಖ ನೋಡಿದರು. ಮುದುಕಿ ಎಲೆಅಡಿಕೆ ಬಾಯಿಗಿಟ್ಟುಕೊಳ್ಳುತ್ತ, “ತಿರುಗಿಸ್ಕಳ್ಳಿ ಬಿಡು. ಸಂಜಿ ತನ್ಕ ಇದೀವಲ್ಲ, ಮತ್ತೆ ಮುಂದಕ್ಕೆ ತಿರುಗಿಸಿದ್ರಾತು,” ಎಂದರು.