ಗೊಬ್ಬರದಲ್ಲಿ ಕಾಣೆಯಾದ ಹಾಳೆ

ಕಾರ್ಖಾನೆಯವರೆಲ್ಲ ಅವಳನ್ನು ಕರೆಯುತ್ತಿದ್ದುದು ಗೋಂದಕ್ಕ ಎಂದೇ. ರಸಾಯನಶಾಸ್ತ್ರ ಓದಿ ಮೊದಲು ಸೇರಿದ್ದು ಗೋಂದಿನ ವಿಭಾಗಕ್ಕೆ. ಬೆರಳಿಗೆ ಮೆತ್ತಿದ ಅಂಟು ಬಿಟ್ಟರೂ ಹೆಸರು ಬಿಡಲಿಲ್ಲ. ಅಲ್ಲಿಂದ ಬಣ್ಣದ ವಿಭಾಗ, ಬಣ್ಣದಿಂದ ಪ್ಲಾಸ್ಟಿಕ್ ಹಾಳೆ. ಹೋದಲ್ಲೆಲ್ಲ ಒಂದೇ ಬೇಡಿಕೆ: ಹರಿಯಬಾರದು, ಕರಗಬಾರದು, ಜಪ್ಪಯ್ಯ ಅಂದರೂ ಜಗ್ಗಬಾರದು. ಅದರಲ್ಲಿ ಆಕೆ ಎತ್ತಿದ ಕೈ. ಅಂಥವಳು ಒಂದು ದಿನ ಮ್ಯಾನೇಜರ್ ಮುಂದೆ ಕೂತು, ಬಳಸಿ ಎಸೆದ ಮೇಲೆ ಮಣ್ಣಾಗುವ ಹಾಳೆ ಮಾಡುತ್ತೇನೆ ಎಂದಳು.

"ಇಷ್ಟು ವರ್ಷ ಗಟ್ಟಿ ಮಾಡೋಕೆ ಸಂಬಳ ಕೊಟ್ವಿ. ಈಗ ಕೊಳೆಸೋಕೂ ಕೊಡಬೇಕಾ?" ಎಂದು ನಗುತ್ತಲೇ ಅವರು ಒಪ್ಪಿದರು.

ಆಲೂಗಡ್ಡೆಯ ಪಿಷ್ಟದಿಂದ ಮಾಡಿದ ಮೊದಲ ಹಾಳೆ ಬಾಯಿಯ ಹಬೆ ತಾಕಿದ್ದೇ ಅಂಟಂಟಾಯಿತು. "ಗೋಂದಕ್ಕ ಮತ್ತೆ ಗೋಂದೇ ಮಾಡಿದ್ರು," ಎಂದು ಯಂತ್ರ ನಡೆಸುವವನು ಕಾಲೆಳೆದ. ಎರಡನೆಯದು ಇಟ್ಟಲ್ಲೇ ಬಿರುಕುಬಿಟ್ಟಿತು. ಆದರೆ ಹಿಡಿದ ಹಠ ಬಿಡುವ ಪೈಕಿ ಅವಳಲ್ಲ. ಕೊನೆಗೂ ನೀರು, ಎಣ್ಣೆ ಎರಡನ್ನೂ ತಡೆಯುವ ಹಾಳೆ ಕೈಗೆ ಬಂತು. ಅದು ಕೊಳೆಯುತ್ತದೆಯೇ ಎನ್ನುವುದೊಂದೇ ಬಾಕಿ. ಕೊಳೆತರೆ ಹೊಸ ಯಂತ್ರಗಳ ಸಾಲು ಅವಳ ಕೈಗೆ, ಇಲ್ಲವಾದರೆ ಮರಳಿ ಗೋಂದಿಗೆ ಎಂದು ಮ್ಯಾನೇಜರ್ ಖಡಾಖಂಡಿತವಾಗಿ ಹೇಳಿದ್ದರು.

ಹಾಳೆಯ ತುಂಡುಗಳನ್ನು ಬಲೆಚೀಲಕ್ಕೆ ತುಂಬಿ, ಬೆಚ್ಚಗಿನ ಗೊಬ್ಬರದ ಪೆಟ್ಟಿಗೆಯಲ್ಲಿ ಹೂತಳು. ಪಕ್ಕದಲ್ಲಿ ಅಷ್ಟೇ ಗೊಬ್ಬರ ತುಂಬಿದ, ಹಾಳೆಯಿಲ್ಲದ ಇನ್ನೊಂದು ಪೆಟ್ಟಿಗೆ. ಎರಡರಿಂದ ಹೊರಡುವ ಗಾಳಿ ಬೇರೆ ಬೇರೆ ಸುಣ್ಣದ ತಿಳಿನೀರಿನ ಬಾಟಲಿಗಳ ಮೂಲಕ ಹಾದುಹೋಗುತ್ತಿತ್ತು.

ತಿಂಗಳುಗಳ ನಂತರ, ಹಾಳೆ ಕೊಳ್ಳಲಿದ್ದ ಕಂಪನಿಯ ತಪಾಸಣೆಗಾರರೊಬ್ಬರು ಬಂದು, ಕೈಗವಸು ತೊಟ್ಟು ಚೀಲವನ್ನು ಹೊರಗೆಳೆದರು. ಜಾಡಿಸಿದರು. ಒಂದಿಷ್ಟು ಗೊಬ್ಬರ ಉದುರಿತು, ಅಷ್ಟೇ.

"ಇದರಲ್ಲಿ ಏನೂ ಇಲ್ಲವಲ್ಲ ಮೇಡಂ. ತುಂಡು ಹಾಕೋದನ್ನೇ ಮರೆತ್ರಾ?"

ಮ್ಯಾನೇಜರ್ ಮುಖ ಸಪ್ಪಗಾಯಿತು. ಒಂದು ಚೂರು ಉಳಿದಿದ್ದರೂ ಸಾಕ್ಷಿಗೆ ಸಿಗುತ್ತಿತ್ತು. ಕೊಳೆಯದಿದ್ದರೆ ಸೋತವಳು, ಪೂರ್ತಿ ಕೊಳೆತರೆ ಕಳ್ಳಿ, ಇದ್ಯಾವ ನ್ಯಾಯ ಎಂದು ಗೋಂದಕ್ಕನಿಗೆ ಉರಿದುಹೋಯಿತು. ಆ ಸಿಟ್ಟೇ ಬಾಯಿ ಬಿಡಿಸಿತು.

"ಮರೆತಿಲ್ಲ ಸರ್. ಅದು ಗಾಳಿಯಾಗಿ ಹೋಗಿದೆ. ಹೋದ ದಾರಿ ತೋರಿಸ್ತೀನಿ, ಬನ್ನಿ."

ವಾರವಾರವೂ ಬದಲಿಸಿ ಎತ್ತಿಟ್ಟ ಬಾಟಲಿಗಳು ಕಪಾಟಿನಲ್ಲಿದ್ದವು. ಬರೀ ಗೊಬ್ಬರದವುಗಳ ತಳದಲ್ಲಿ ತೆಳ್ಳನೆಯ ಬಿಳಿ ಗಸಿ; ಅವಳ ಹಾಳೆಯವುಗಳಲ್ಲಿ ದಪ್ಪ ಪದರ.

"ಕೊಳೆಯುವಾಗ ಹೊರಡೋ ಇಂಗಾಲದ ಗಾಳಿ ಸುಣ್ಣದ ನೀರಲ್ಲಿ ಹೀಗೆ ಬಿಳಿ ಗಸಿಯಾಗುತ್ತೆ. ಗೊಬ್ಬರ ತಾನೂ ಉಸಿರಾಡುತ್ತೆ, ಅದಕ್ಕೇ ಇವುಗಳಲ್ಲಿ ಇಷ್ಟು. ಅವುಗಳಲ್ಲಿ ಹೆಚ್ಚಿಗೆ ಇರೋದೆಲ್ಲ ನನ್ನ ಹಾಳೆ."

ತಪಾಸಣೆಗಾರರು ಗಸಿಯನ್ನು ತಾವೇ ಸೋಸಿ, ಒಣಗಿಸಿ, ತೂಗಿದರು. ಹುಬ್ಬು ಗಂಟಿಕ್ಕಿ ಮತ್ತೆ ತೂಗಿದರು. ಹಾಳೆಯಲ್ಲಿದ್ದ ಇಂಗಾಲದ ಬಹುಪಾಲು ಅಲ್ಲೇ ಸಿಕ್ಕಿತ್ತು.

"ಇಷ್ಟು ವರ್ಷದಲ್ಲಿ ಇಷ್ಟು ಖಾಲಿ ಚೀಲ ನೋಡಿದ್ದು ಇದೇ ಮೊದಲು," ಎಂದು ಅವರು ಗವಸು ಕಳಚಿ ಅವಳ ಕೈ ಕುಲುಕಿದರು. "ಒಪ್ಪಿಗೆ ಮೇಡಂ."

ಅವಳ ಎದೆ ಹೆಮ್ಮೆಯಿಂದ ಉಬ್ಬಿತು, ಅದನ್ನು ಮುಚ್ಚಿಡುವ ಗೋಜಿಗೂ ಅವಳು ಹೋಗಲಿಲ್ಲ. ಮ್ಯಾನೇಜರ್ ಫೋಟೋ ತೆಗೆಯಲು ಹೊಸ ಹಾಳೆಯ ಸುರುಳಿ ತರಿಸಿದರು. ಅದನ್ನು ಬದಿಗಿಟ್ಟು, ಬಲೆಚೀಲವನ್ನೇ ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ನಿಂತಳು. ಫೋಟೋ ಅಮ್ಮನಿಗೆ ಹೋಯಿತು. ಕೂಡಲೇ ಫೋನ್ ಬಂತು.

"ಅದರೊಳಗೆ ಏನೂ ಇಲ್ವಲ್ಲೇ?"

"ಏನೂ ಇಲ್ಲಮ್ಮ," ಎಂದಳು ಗೋಂದಕ್ಕ. "ನಾನೇ ಮಾಡಿದ್ದು."